ಸ್ನಾನಭೋಗವೂ ಇಷ್ಟಾಪೂರ್ತವೂ: ಕಿಸುಕಾಡು ನಾಡಿನಿಂದ ಮಾನಸೋಲ್ಲಾಸದ ಒಂದು ಓದು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ವು ವಿದ್ವಾಂಸರಿಗೆ ಅಪರಿಚಿತವಾದ ಗ್ರಂಥವಲ್ಲ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಮತ್ತೊಂದು ಹೆಸರೂ ಇದಕ್ಕೆ ಉಂಟು. ಬರೋಡೆಯ ಗಾಯಕವಾಡ ಪೌರಸ್ತ್ಯ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರ ಅವರು 1925ರಿಂದ ಮೊದಲುಗೊಂಡು ಇದನ್ನು ಸಂಪುಟ ಸಂಪುಟವಾಗಿ ಹೊರತಂದರು, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿದರು. ಅಂದಿನಿಂದ ಸಂಗೀತಶಾಸ್ತ್ರಜ್ಞರು ತಮಗೆ ಬೇಕಾದುದನ್ನು, ಚಿತ್ರಕಲೆಯವರು ತಮಗೆ ಬೇಕಾದುದನ್ನು, ಪಾಕಶಾಸ್ತ್ರದ ಆಸಕ್ತರು ತಮಗೆ ಬೇಕಾದುದನ್ನು ಅದರಿಂದ ಆಯ್ದುಕೊಳ್ಳುತ್ತ ಬಂದಿದ್ದಾರೆ. ವಿಶ್ವಕೋಶದ ಹಣೆಬರಹವೇ ಅದು. ಅದನ್ನು ಇಡಿಯಾಗಿ ಓದುವವರು ವಿರಳ.

ಈಚೆಗೆ ಇನ್ನೊಂದು ಬಗೆಯ ಓದುಗರು ಈ ಗ್ರಂಥದ ಬಳಿಗೆ ಬಂದಿದ್ದಾರೆ. ಸಿರಿವಂತರಿಗಾಗಿ ಏರ್ಪಟ್ಟ ವಿಹಾರಧಾಮಗಳಲ್ಲಿ ಎಣ್ಣೆಯ ಮರ್ದನ, ಶಿರೋಧಾರೆ, ಸುಗಂಧಸ್ನಾನ ಮೊದಲಾದುವನ್ನು 'ಸ್ಪಾ' ಎಂಬ ಹೆಸರಿನಲ್ಲಿ ಒದಗಿಸುವುದು ಈಗ ದೊಡ್ಡ ವ್ಯವಹಾರವಾಗಿದೆ. ಆ ವ್ಯವಹಾರವು ತನಗೊಂದು ಪ್ರಾಚೀನತೆಯನ್ನು ಅರಸುವಾಗ, ಸೋಮೇಶ್ವರನ 'ಸ್ನಾನಭೋಗ'ವೆಂಬ ಅಧ್ಯಾಯವು ಕೈಗೆ ಸಿಕ್ಕುವುದು ಸಹಜವೇ. ನಮ್ಮ ರಾಜರು ಒಂಬೈನೂರು ವರ್ಷಗಳ ಹಿಂದೆಯೇ ಇದನ್ನೆಲ್ಲ ಅನುಭವಿಸುತ್ತಿದ್ದರು ಎಂಬ ಮಾತು ಕೇಳಲು ಹಿತವಾಗಿದೆ. ಮೇಲುನೋಟಕ್ಕೆ ಸುಳ್ಳೂ ಅಲ್ಲ. ಆದರೆ ಈ ಓದು ಗ್ರಂಥಕ್ಕೆ ನ್ಯಾಯ ಸಲ್ಲಿಸುವುದಿಲ್ಲವೆಂದು ನಾವು ಭಾವಿಸುತ್ತೇವೆ. ಏಕೆ ಸಲ್ಲಿಸುವುದಿಲ್ಲವೆಂಬುದನ್ನು, ಚಾಲುಕ್ಯರ ಆಳ್ವಿಕೆಯ ಒಂದು ಮೂಲೆಯಾದ ಕಿಸುಕಾಡು ನಾಡಿನಲ್ಲಿ, ಎಂದರೆ ಇಂದಿನ ರೋಣ, ಗಜೇಂದ್ರಗಡಗಳ ಸುತ್ತಣ ಪ್ರದೇಶದಲ್ಲಿ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಧ್ಯಾಯವನ್ನೇ ನೋಡೋಣ. ಹೂವುಗಳ ಕಂಪನ್ನು ಹಿಡಿಸಿದ ಎಳ್ಳಿನಿಂದ ತೆಗೆದ ಎಣ್ಣೆ, ಅದನ್ನು ಅರಸನ ಮೈಗೆ ತಿಕ್ಕಲು ಬಲಶಾಲಿಗಳಾದ ಮಲ್ಲರು, ತರುವಾಯ ಜಿಡ್ಡನ್ನು ತೆಗೆಯಲು ಸುಗಂಧದ್ರವ್ಯಗಳ ಕಲ್ಕ, ತಲೆಗೆ ನೆಲ್ಲಿ, ಕೊನೆಗೆ ನೀರೆರೆಯುವ ಪರಿಚಾರಿಕೆಯರು. ವರ್ಣನೆಯಲ್ಲಿ ಅತಿಶಯೋಕ್ತಿ ಕಡಮೆ. ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಜಲಕ್ರೀಡೆಯನ್ನು ಓದಿ ಬೇಸತ್ತವರಿಗೆ ಈ ಅಧ್ಯಾಯದ ವ್ಯವಹಾರಸ್ಪಷ್ಟತೆಯು ಉಲ್ಲಾಸವನ್ನೇ ಉಂಟುಮಾಡುತ್ತದೆ. ಅಲ್ಲಿ ಕವಿಯ ಕೊಳದಲ್ಲಿ ಯಾರ ಮೈಯೂ ನಿಜವಾಗಿ ನೆನೆಯುವುದಿಲ್ಲ, ಇಲ್ಲಿ ನೆನೆಯುತ್ತದೆ. ಬರೆದವನು ದಿನವೂ ಅನುಭವಿಸಿದ್ದನ್ನು ಬರೆದಿದ್ದಾನೆ ಎನಿಸುತ್ತದೆ. ಇದೇ ವಿಂಶತಿಯ ಮುಂದಣ ಭಾಗದಲ್ಲಿ ಪಾದಾಭ್ಯಂಗಕ್ಕೇ ಬೇರೊಂದು ಅಧ್ಯಾಯವಿರುವುದು ಈ ಅರಸನ ಶ್ರದ್ಧೆಗೆ ಸಾಕ್ಷಿ.

ಇಷ್ಟನ್ನು ಮಾತ್ರ ಓದಿದವನು ಇದನ್ನು ಭೋಗಶಾಸ್ತ್ರವೆಂದೇ ಕರೆದಾನು. ಆದರೆ ಅಧ್ಯಾಯವು ಗ್ರಂಥದಲ್ಲಿ ಎಲ್ಲಿ ಬರುತ್ತದೆ? ಮಾನಸೋಲ್ಲಾಸವು ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಕಟ್ಟಲ್ಪಟ್ಟ ಗ್ರಂಥ. ಮೊದಲನೆಯದು ರಾಜ್ಯವನ್ನು ಪಡೆಯಲು ಕಾರಣವಾದ ಗುಣಗಳನ್ನೂ, ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಉಪಾಯಗಳನ್ನೂ ಹೇಳುತ್ತದೆ. ಉಪಭೋಗವು ಮೂರನೆಯದು, ವಿನೋದ, ಕ್ರೀಡೆಗಳು ನಾಲ್ಕು, ಐದನೆಯವು. ಸ್ನಾನಭೋಗವು ಮೂರನೆಯ ವಿಂಶತಿಯಲ್ಲಿ ಎರಡನೆಯ ಅಧ್ಯಾಯ, ಗೃಹೋಪಭೋಗದ ನಂತರದ್ದು. ಎಂದರೆ ಸೋಮೇಶ್ವರನ ಅರಸನು ಎಣ್ಣೆಯ ಮಣೆಯ ಮೇಲೆ ಕೂಡುವ ಮುನ್ನ ನಲವತ್ತೊಂದು ಅಧ್ಯಾಯಗಳನ್ನು ದಾಟಿ ಬರಬೇಕು.

ಆ ನಲವತ್ತೊಂದರಲ್ಲಿ ಏನೇನಿದೆ ಎಂಬುದನ್ನು ಎಲ್ಲ ವಿವರಗಳೊಡನೆ ಹೇಳುವುದು ಇಲ್ಲಿ ಅನವಶ್ಯಕ. ಮೊದಲ ವಿಂಶತಿಯೊಂದೇ ಸಾಕು. ಅಸತ್ಯವರ್ಜನ, ಪರದ್ರೋಹವರ್ಜನಗಳಿಂದ ತೊಡಗಿ ದಾನ, ಪ್ರಿಯವಚನ, ಅತಿಥಿಪೂಜೆ, ದೀನರ ಮತ್ತು ಅನಾಥರ ಪೋಷಣೆ, ಶರಣಾಗತರಕ್ಷಣೆಗಳವರೆಗೆ ಅದು ಸಾಗುತ್ತದೆ. ನಮ್ಮ ವಿಷಯಕ್ಕೆ ನೇರವಾಗಿ ತಾಕುವ ಅಧ್ಯಾಯಗಳು ಅದರಲ್ಲಿ ಎರಡು. ಒಂದು ತೀರ್ಥಸ್ನಾನ; ಇನ್ನೊಂದು ಇಷ್ಟಾಪೂರ್ತ. ಇಷ್ಟವೆಂದರೆ ಯಜ್ಞಾದಿಗಳು. ಪೂರ್ತವೆಂದರೆ ಕೆರೆ, ಬಾವಿ, ದೇಗುಲ, ಅರವಟ್ಟಿಗೆ, ತೋಪುಗಳೆಂಬುದು ಧರ್ಮಶಾಸ್ತ್ರದಲ್ಲಿ ರೂಢವಾದ ಅರ್ಥ. ತಾನು ಸುಗಂಧಜಲದಲ್ಲಿ ಮೀಯುವ ಅರಸನು ಅದಕ್ಕಿಂತ ಮೊದಲು ಪರರಿಗೆ ನೀರನ್ನು ಒದಗಿಸಿರಬೇಕು. ಅಧ್ಯಾಯಗಳ ಕ್ರಮವೇ ಈ ಮಾತನ್ನು ಹೇಳುತ್ತದೆ. ಬೇರೆ ವ್ಯಾಖ್ಯಾನ ಬೇಕಿಲ್ಲ. ಗ್ರಂಥಕರ್ತೃವು ಸ್ವತಃ ಅರಸನಾದುದರಿಂದ ಇದು ಕೇವಲ ಶಾಸ್ತ್ರಮರ್ಯಾದೆಯೆಂದೂ ಆಚರಣೆಯಲ್ಲಿ ಹೀಗಿರಲಿಲ್ಲವೆಂದೂ ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಆದುದರಿಂದಲೇ ಗ್ರಂಥವನ್ನು ಬಿಟ್ಟು ನೆಲದ ಮೇಲೆ ಉಳಿದುದನ್ನು ನೋಡಬೇಕಾಗುತ್ತದೆ.

ರೋಣ, ಗಜೇಂದ್ರಗಡಗಳ ನಡುವಣ ಸೂಡಿಯು ಇಂದು ಒಂದು ಸಣ್ಣ ಊರು. 11ನೆಯ ಶತಮಾನದ ಮೊದಲ ಭಾಗದಲ್ಲಿ ಇದು ಕಿಸುಕಾಡು ಎಪ್ಪತ್ತರ ಮುಖ್ಯ ಸ್ಥಳ. ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿಯಾದ ಅಕ್ಕಾದೇವಿಯು ಈ ನಾಡನ್ನು ಆಳಿದಳು. ಸೋಮೇಶ್ವರನು ಆ ಜಯಸಿಂಹನ ಮರಿಮಗ. ಅದೇ ಶತಮಾನದ ನಡುವೆ ದಂಡನಾಯಕ ನಾಗದೇವನು ಇಲ್ಲಿ ನಾಗೇಶ್ವರ ದೇಗುಲವನ್ನು ಕಟ್ಟಿಸಿದನು. ಜನರು ಅದನ್ನು ಜೋಡುಕಳಸದ ಗುಡಿ ಎನ್ನುತ್ತಾರೆ. ಊರಿನಲ್ಲಿ ಮೆಟ್ಟಿಲುಗಳ, ಕೆತ್ತನೆಯ ಗೋಡೆಗಳ ಒಂದು ಸುಂದರವಾದ ಹೊಂಡವಿದೆ, ಹೆಸರು ನಾಗಕುಂಡ. ಹೆಸರು ದಂಡನಾಯಕನನ್ನು ನೆನಪಿಗೆ ತರುವುದಾದರೂ ಹೆಸರಿನ ಸಾಮ್ಯದಿಂದಲೇ ನಿರ್ಣಯಕ್ಕೆ ಬರುವುದು ಸಲ್ಲದು. ಕಟ್ಟಿಸಿದವರು ಯಾರೇ ಆಗಿರಲಿ, ಒಂದು ಮಾತು ನಿಶ್ಚಯ: ಅರಮನೆಯ ಒಳಗೆ ಒಬ್ಬನ ಮೈಗಾಗಿ ವ್ಯಯವಾಗಬಹುದಾಗಿದ್ದ ಶಿಲ್ಪಕೌಶಲವು ಇಲ್ಲಿ ಊರ ನೀರಿನ ಸುತ್ತ ವ್ಯಯವಾಗಿದೆ. ಲಕ್ಕುಂಡಿಯ ಮುಸುಕಿನ ಬಾವಿಯೂ ಇದೇ ಮಾತನ್ನು ಇನ್ನಷ್ಟು ವೈಭವದಿಂದ ಹೇಳುತ್ತದೆ.

ಈ ಕಾಲದ ಶಾಸನಗಳನ್ನು ಓದುವವರಿಗೆ 'ಅಂಗಭೋಗ ರಂಗಭೋಗ' ಎಂಬ ಜೋಡುಮಾತು ಚಿರಪರಿಚಿತ. ದೇವರ ಅಭಿಷೇಕ, ಗಂಧ, ಧೂಪ, ದೀಪ, ವಸ್ತ್ರಗಳು ಅಂಗಭೋಗ, ಗೀತನೃತ್ಯಾದಿಗಳು ರಂಗಭೋಗ. ದತ್ತಿಯ ಹೊಲದ ಹುಟ್ಟುವಳಿಯಿಂದ ಇವು ನಡೆಯಬೇಕು. ಸೋಮೇಶ್ವರನು ತನಗೆಂದು ಪಟ್ಟಿಮಾಡಿದ ಭೋಗಗಳಲ್ಲಿ ಬಹುಭಾಗವನ್ನು ಕಿಸುಕಾಡಿನ ಜನರು ಕಲ್ಲಿನ ದೇವರಿಗೆ ಒಪ್ಪಿಸಿಬಿಟ್ಟಿದ್ದರು! ಹೀಗೆ ಒಪ್ಪಿಸುವುದರಲ್ಲಿ ಜಾಣತನವಿಲ್ಲದಿಲ್ಲ. ಅರಸನ ಮಿಂದ ನೀರು ಬಚ್ಚಲಿಗೆ ಹೋಗುತ್ತದೆ. ದೇವರ ಮಿಂದ ನೀರು ತೀರ್ಥವಾಗಿ ಅಂಗೈಗೆ ಬರುತ್ತದೆ. ಆದರೂ ಆ ಅಂಗೈಗಳಲ್ಲಿ ಎಲ್ಲರ ಅಂಗೈಯೂ ಸೇರಿರಲಿಲ್ಲವೆಂಬುದನ್ನು ಮರೆಯಲಾಗದು. ಗುಡಿಯ ಹೊಂಡದ ಮೆಟ್ಟಿಲನ್ನು ಯಾರು ಇಳಿಯಬಹುದು, ಯಾರು ದೂರ ನಿಲ್ಲಬೇಕು ಎಂಬುದನ್ನು ಜಾತಿಯು ನಿರ್ಧರಿಸುತ್ತಿದ್ದ ಕಾಲವದು. ಪೂರ್ತಧರ್ಮವನ್ನು ಹೊಗಳುವಾಗ ಈ ಮಿತಿಯನ್ನು ಮುಚ್ಚಿಟ್ಟರೆ ನಾವೂ ಜಾಹೀರಾತಿನವರ ಸಾಲಿಗೇ ಸೇರಿದಂತಾಗುತ್ತದೆ.

ಇಲ್ಲಿ ಕನ್ನಡದ ಒಂದು ಗ್ರಂಥವನ್ನು ನೆನೆಯಬೇಕು. ಸೋಮೇಶ್ವರನಿಗಿಂತ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಅಕ್ಕಾದೇವಿಯ ಸೋದರ ಜಯಸಿಂಹನ ಆಶ್ರಯದಲ್ಲಿ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದನು. ಕಿಸುಕಾಡು ನಾಡಿನ ಸಯ್ಯಡಿಯವನಾದ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಿಸಿದ್ದು ಇದೇ ಅರಸನ ಕಾಲದಲ್ಲಿ. ಸಯ್ಯಡಿಯು ರೋಣದ ಬಳಿಯ ಸವಡಿಯೆಂದು ಗುರುತಿಸಲ್ಪಟ್ಟಿದೆ. ಲೋಕೋಪಕಾರದಲ್ಲಿ ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳ, ವೃಕ್ಷಾಯುರ್ವೇದ, ವೈದ್ಯ, ಸೂಪಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳ ಪ್ರಕರಣವೂ ಉಂಟು. ವಸ್ತುವು ಮಾನಸೋಲ್ಲಾಸದ್ದೇ, ದೃಷ್ಟಿ ಬೇರೆ. ಚಾವುಂಡರಾಯನು ಸುಗಂಧವನ್ನು ಹೇಗೆ ಕೂಡಿಸಬೇಕೆಂದು ಹೇಳುತ್ತಾನೆ. ಸೋಮೇಶ್ವರನು ಅದನ್ನು ಹೇಗೆ ಅನುಭವಿಸಬೇಕೆಂದು ಹೇಳುತ್ತಾನೆ. ಒಬ್ಬನ ಓದುಗನಿಗೆ ಕೈಗಳುಂಟು, ಮತ್ತೊಬ್ಬನ ಓದುಗನಿಗೆ ಮೈ ಮಾತ್ರ ಉಂಟು. ಬಾವಿಗೆ ನೀರು ಹುಡುಕುವ ವಿದ್ಯೆಯನ್ನೂ ಮೈಗೆ ಕಂಪು ಕೂಡಿಸುವ ವಿದ್ಯೆಯನ್ನೂ ಒಂದೇ ಪುಸ್ತಕದಲ್ಲಿ, ಅದೂ ದೇಶಭಾಷೆಯಲ್ಲಿ ಇರಿಸಿದ ಚಾವುಂಡರಾಯನ ಔಚಿತ್ಯಜ್ಞಾನವು ನಮಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ವೈದ್ಯಶಾಸ್ತ್ರದ ನಿಲುವೂ ಇದಕ್ಕೆ ಹತ್ತಿರವಾದುದು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ದಿನಚರ್ಯೆಯ ಅಧ್ಯಾಯದಲ್ಲಿಟ್ಟಿದ್ದಾನೆ. ಅದು ಹಲ್ಲುಜ್ಜುವಂತೆ ನಿತ್ಯದ ಕೆಲಸ. ವರ್ಷಕ್ಕೊಮ್ಮೆ ದೂರದೂರಿಗೆ ಹೋಗಿ ಹಣತೆತ್ತು ಪಡೆಯುವ ಸುಖವಲ್ಲ. ಇಂದಿನ ಸ್ಪಾಗಳು ವಾಗ್ಭಟನ ಹೆಸರನ್ನೂ ಸೋಮೇಶ್ವರನ ರೀತಿಯನ್ನೂ ತೆಗೆದುಕೊಂಡು ಲೋಕೋಪಕಾರವನ್ನು ಬಿಟ್ಟಿವೆ. ಸ್ಪಾ ಎಂಬುದು ಮೂಲತಃ ಬೆಲ್ಜಿಯಂ ದೇಶದ ಒಂದು ಊರಿನ ಹೆಸರು, ಅಲ್ಲಿಯ ಖನಿಜಜಲದ ಬುಗ್ಗೆಗಳಿಂದ ಪ್ರಸಿದ್ಧವಾದುದು. ಬುಗ್ಗೆಯಿಲ್ಲದ ಮಹಡಿಯ ಕೋಣೆಗೂ ಇಂದು ಆ ಹೆಸರು ಸಲ್ಲುತ್ತಿರುವುದು ಭಾಷೆಯ ವಿನೋದಗಳಲ್ಲೊಂದು.

ಭಾಷೆಯ ಮಾತು ಬಂದುದರಿಂದ ನಮ್ಮ ಕ್ರಿಯಾಪದಗಳನ್ನು ಸ್ವಲ್ಪ ನೋಡಬೇಕು. 'ಮೀ' ಧಾತುವಿನಲ್ಲಿ ಮೀಯುವವನು ಒಬ್ಬನೇ ಸಾಕು. 'ಎರೆ' ಎಂಬುದರಲ್ಲಿ, ಎಂದರೆ ಹಳಗನ್ನಡದ ಶಕಟರೇಫದ 'ಎಱೆ'ಯಲ್ಲಿ, ಇಬ್ಬರು ಬೇಕು: ಎರೆಯುವವರು ಮತ್ತು ಎರೆಸಿಕೊಳ್ಳುವವರು. ವಚನಕಾರರ 'ಮಜ್ಜನಕ್ಕೆರೆ' ಎಂಬ ನುಡಿಗಟ್ಟಿನಲ್ಲಿ ಎರೆಯುವವನು ಭಕ್ತ, ಎರೆಸಿಕೊಳ್ಳುವುದು ಲಿಂಗ. ರೋಣ, ನರಗುಂದಗಳ ಮನೆಮಾತಿನಲ್ಲಿ ಗಂಡಸರದು ಜಳಕ. ಹೆಣ್ಣುಮಕ್ಕಳು ತಲೆಗೆ ನೀರು ಹಾಕಿಕೊಳ್ಳುವುದು 'ಎರಕೊಳ್ಳುವುದು'. ತನಗೆ ತಾನೇ ಎರೆದುಕೊಳ್ಳಬೇಕಾಗಿ ಬಂದಾಗಲೂ ಕ್ರಿಯಾಪದವು ಮತ್ತೊಂದು ಕೈಯ ನೆನಪನ್ನು ಬಿಟ್ಟಿಲ್ಲ. (ಎರೆ ಎಂದರೆ ಈ ಸೀಮೆಯ ಕಪ್ಪುನೆಲವೂ ಹೌದು. ಅದು ಬೇರೆಯೇ ಪದ. ಎರಡನ್ನೂ ಬೆಸೆದು ಚಮತ್ಕಾರ ಮಾಡುವುದು ಬೇಡ.)

ಆ ಇನ್ನೊಂದು ಕೈ ಹೆಣ್ಣಿನ ಮೈಗೆ ಎಂದು ದೊರೆಯುತ್ತಿತ್ತು? ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಸುಣ್ಣದ ಪಟ್ಟಿ ಬಳಿದು, ಬಳ್ಳಿ ಸುತ್ತಿ, ಮರುದಿನ ನಸುಕಿನಲ್ಲಿ ಎಣ್ಣೆಹಚ್ಚಿ ಎರೆಯುವವಳು ಅವಳೇ. ಎರೆಸಿಕೊಳ್ಳುವವರು ಮನೆಯ ಗಂಡಸರು, ಮಕ್ಕಳು. ಅವಳಿಗೆ ಆ ಭೋಗವು ಪೂರ್ಣವಾಗಿ ಸಲ್ಲುತ್ತಿದ್ದುದು ಬಾಣಂತನದಲ್ಲಿ. ತವರುಮನೆಯ ಬಚ್ಚಲಲ್ಲಿ ಅನುಭವಸ್ಥ ಮುದುಕಿಯೊಬ್ಬಳು ಬಾಣಂತಿಯ ಸೊಂಟ, ಬೆನ್ನುಗಳನ್ನು ಎಣ್ಣೆಯಿಂದ ತಿಕ್ಕಿ, ಕೊಡಗಟ್ಟಲೆ ಬಿಸಿನೀರನ್ನು ಎರೆದು, ಹೊಗೆ ಹಾಕಿ, ಹೊದಿಸಿ ಮಲಗಿಸುವಳು. ಮರ್ದನ, ಸ್ನಾನ, ಧೂಪ, ಶಯ್ಯೆ: ಸೋಮೇಶ್ವರನ ನಾಲ್ಕು ಭೋಗಗಳು ಸಾಮಾನ್ಯ ರೈತಗಿತ್ತಿಗೆ ಕೆಲವು ವಾರಗಳ ಮಟ್ಟಿಗೆ ದೊರೆತಂತಾಯಿತು, ಅದೂ ಜೀವವನ್ನು ಪಣಕ್ಕಿಟ್ಟು ಹೆತ್ತ ಮೇಲೆ. ಮಾನಸೋಲ್ಲಾಸದ ಸ್ನಾನಭೋಗಕ್ಕೆ ಈ ನಾಡಿನಲ್ಲಿ ಜೀವಂತವಾದ ವ್ಯಾಖ್ಯಾನವೊಂದಿದ್ದರೆ ಅದು ಇದೇ. ಅರಸನ ಮಲ್ಲರಂತೆ ಈ ಮುದುಕಿಯೂ ಹೆಸರಿಲ್ಲದವಳು. ಆದರೆ ಸೀರೆ, ಕುಪ್ಪಸ, ಕಾಳುಕಡಿಗಳ ಋಣದಿಂದ ಮನೆಯವರು ಅವಳನ್ನು ನೆನಪಿಟ್ಟುಕೊಳ್ಳುತ್ತಿದ್ದರು.

ಇಷ್ಟಕ್ಕೂ ನೀರು? ಈ ಎರೆಸೀಮೆಯಲ್ಲಿ ಮಳೆ ಕಡಮೆ; ಎಷ್ಟೋ ಬಾವಿಗಳದು ಸವಳು ನೀರು. ಕೊಡಗಟ್ಟಲೆ ಎರೆಯುವುದೆಂದರೆ ಕೊಡಗಟ್ಟಲೆ ಹೊತ್ತವರೊಬ್ಬರು ಇದ್ದಾರೆಂದೇ ಅರ್ಥ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನರಗುಂದದ ಹೊಲಗಳಿಗೆ ಬಂದ ಮೇಲೆ, ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ಎದ್ದುನಿಂತರು. 1980ರ ಜುಲೈ 21ರಂದು ಅಲ್ಲಿ ಗೋಲೀಬಾರು ನಡೆದು ರಕ್ತ ಹರಿಯಿತು. 2015ರ ಜುಲೈಯಿಂದ ಮಹದಾಯಿ ನೀರಿಗಾಗಿ ಅದೇ ಊರಿನಲ್ಲಿ ಮತ್ತೆ ದೀರ್ಘ ಧರಣಿ ನಡೆಯಿತು. ಪೂರ್ತಧರ್ಮವು ಅರಸನ ಕೈಯಿಂದ ಸರಕಾರದ ಕೈಗೆ ಬಂದಾಗ ಕರದ ಚೀಟಿಯೂ ಜೊತೆಗೆ ಬಂದಿತೆಂಬುದು ಬೇರೊಂದು ಚರ್ಚೆ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಹೇಳಬೇಕಾದುದು ಇಷ್ಟು: ಮೊದಲನೆಯ ವಿಂಶತಿಯು ಇನ್ನೂ ಮುಗಿಯದಿರುವ ನಾಡಿನಲ್ಲಿ ಮೂರನೆಯ ವಿಂಶತಿಯ ಎರಡನೆಯ ಅಧ್ಯಾಯವನ್ನು ಮಾತ್ರ ಹರಿದುಕೊಂಡು ಓದುವುದು ವಿಮರ್ಶೆಯ ಶಿಸ್ತಿಗೂ ಒಗ್ಗದು, ನೆಲದ ಅನುಭವಕ್ಕೂ ಒಗ್ಗದು.

ಗಜೇಂದ್ರಗಡದ ಕಾಲಕಾಲೇಶ್ವರದಲ್ಲಿ, ಗುಡ್ಡದ ಮಗ್ಗುಲಲ್ಲಿ, ಮರದ ಬೇರುಗಳ ಎಡೆಯಿಂದ ಅಂತರಗಂಗೆಯು ಒಸರಿ ಚಿಕ್ಕ ಹೊಂಡವೊಂದಕ್ಕೆ ಬೀಳುತ್ತದೆ. ಬೇಸಗೆಯಲ್ಲಿಯೂ ಬತ್ತುವುದಿಲ್ಲವೆಂದು ಜನರು ಹೇಳುತ್ತಾರೆ. ತೀರ್ಥಸ್ನಾನಕ್ಕೆ ಬಂದವರು ಅಲ್ಲಿ ಸರದಿಯಲ್ಲಿ ನಿಂತು, ಹಿಂದಿನವರು ಕೊಟ್ಟ ತಂಬಿಗೆಯಿಂದ ಒಬ್ಬರಿಗೊಬ್ಬರು ಎರೆಯುತ್ತಾರೆ. ತಂಬಿಗೆಯನ್ನು ಮುಂದಿನವರ ಕೈಗೆ ಕೊಟ್ಟು ಮೆಟ್ಟಿಲು ಹತ್ತುತ್ತಾರೆ.