ಡಯಾಲಿಸಿಸ್ ನೀರಿನ ಬ್ಯಾಕ್ಟೀರಿಯ: ಹೆಸರು ತಿಳಿದರೆ ಸಾಕೆ?

ಮೂತ್ರಪಿಂಡ ವಿಫಲವಾದವರಿಗೆ ಡಯಾಲಿಸಿಸ್ ನಡೆಯುವಾಗ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ ಯಂತ್ರದಲ್ಲಿ ಹರಿಯುತ್ತದೆ. ನಾಲ್ಕು ಗಂಟೆಗಳ ಒಂದು ಸರದಿಗೆ 120 ಲೀಟರ್ ಆಯಿತು. ನಾವು ಕುಡಿಯುವ ನೀರಿಗೆ ಜಠರದ ಆಮ್ಲ, ಕರುಳಿನ ಒಳಪದರ ಕಾವಲಿವೆ. ಇಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ. ಆದ್ದರಿಂದ ಆ ನೀರಿನಲ್ಲಿ ಯಾವ ಬ್ಯಾಕ್ಟೀರಿಯಗಳಿವೆ ಎಂಬುದು ರೋಗಿಯ ಜೀವಕ್ಕೆ ಸಂಬಂಧಿಸಿದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಈಗ ವಂಶವಾಹಿ ಪರೀಕ್ಷೆಯ ಮೊರೆ ಹೋಗುವುದು ಹೆಚ್ಚುತ್ತಿದೆ. ಈ ವಿಧಾನದ ಬಲವೇನು, ಮಿತಿಯೇನು, ನೋಡೋಣ.

ಶುದ್ಧೀಕರಿಸಿದ ನೀರಿನಲ್ಲಿ ಪೋಷಕಾಂಶ ತೀರ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಗಳು ಕೊಳವೆಯ ಒಳಗೋಡೆಗೆ ಲೋಳೆಯಂತೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ರೋಗಿಯ ರಕ್ತ ಪರೀಕ್ಷೆಗೆ ಬಳಸುವ ಪುಷ್ಟಿಯುತ ಮಾಧ್ಯಮದಲ್ಲಿ, ದೇಹದ ಉಷ್ಣತೆಯಲ್ಲಿ ಇವುಗಳಲ್ಲಿ ಹಲವು ಬೆಳೆಯುವುದೇ ಇಲ್ಲ. ಈ ಕೊರತೆ ನೀಗಲೆಂದು 1985ರಲ್ಲಿ ರೀಸನರ್ ಮತ್ತು ಗೆಲ್ಡ್ರಿಕ್ ಆರ್2ಎ ಎಂಬ ಬಡ ಮಾಧ್ಯಮವನ್ನು ರೂಪಿಸಿದರು. ಅದರಲ್ಲೂ ಫಲಿತಾಂಶಕ್ಕೆ ಸುಮಾರು ಒಂದು ವಾರ ಕಾಯಬೇಕು. ವಂಶವಾಹಿ ವಿಧಾನಕ್ಕೆ ಬೆಳೆಸುವ ಗೊಡವೆ ಇಲ್ಲ. ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಜೀವಿಗಳ ನೆಂಟಸ್ತಿಕೆ ಗುರುತಿಸಬಹುದೆಂದು ಕಾರ್ಲ್ ವೋಸ್ 1977ರಲ್ಲಿ ತೋರಿಸಿದರು. ಆ ಆರ್‌ಎನ್‌ಎಯ ಸಂಕೇತವಾದ, ಸುಮಾರು 1500 ಅಕ್ಷರಗಳ 16ಎಸ್ ವಂಶವಾಹಿಯನ್ನು ಓದಿ ಬ್ಯಾಕ್ಟೀರಿಯವನ್ನು ಹೆಸರಿಸುತ್ತಾರೆ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಪರೀಕ್ಷೆಯ ರಾಸಾಯನಿಕಗಳಲ್ಲೇ ಇರುವ ಡಿಎನ್‌ಎ. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಅಂಥ ಕಲ್ಮಶಗಳ ಪಟ್ಟಿಯಲ್ಲಿದ್ದವು ರಾಲ್‌ಸ್ಟೋನಿಯ, ಸ್ಫಿಂಗೋಮೊನಾಸ್, ಮೀಥೈಲೋಬ್ಯಾಕ್ಟೀರಿಯಮ್ ಮೊದಲಾದವು. ಡಯಾಲಿಸಿಸ್ ನೀರಿನಲ್ಲಿ ಸಿಗುವ ಹೆಸರುಗಳೂ ಇವೇ! ನೀರೇ ಹಾಕದ ಖಾಲಿ ಮಾದರಿಯನ್ನೂ ಜೊತೆಗೆ ಪರೀಕ್ಷಿಸದಿದ್ದರೆ, ಬ್ಯಾಕ್ಟೀರಿಯ ಕೊಳವೆಯದೋ ಕಿಟ್‌ನದೋ ಹೇಳಲಾಗದು.

ಎರಡನೆಯದು, ಸತ್ತ ಬ್ಯಾಕ್ಟೀರಿಯದ ಡಿಎನ್‌ಎಯೂ ಓದಿಗೆ ಸಿಗುತ್ತದೆ. ಸೋಂಕು ನಿವಾರಣೆ ಮಾಡಿದ ಮರುದಿನದ ವರದಿಯಲ್ಲಿ ಹೆಸರು ಉಳಿದಿದ್ದರೆ ಅದು ಕೆಲಸ ವಿಫಲವಾಯಿತು ಎನ್ನಲು ಸಾಕ್ಷಿಯಲ್ಲ.

ಮೂರನೆಯದು, ಹೆಸರಿನ ನಿಖರತೆ. ಮೈಕೋಬ್ಯಾಕ್ಟೀರಿಯಮ್ ಕೈಮೀರವನ್ನು 2004ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿವರಿಸಲಾಯಿತು. ಇದಕ್ಕೂ ಹತ್ತಿರದ ಎಂ. ಇಂಟ್ರಾಸೆಲ್ಯುಲೇರ್‌ಗೂ 16ಎಸ್ ವಂಶವಾಹಿಯಲ್ಲಿ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ಕಾಣಿಸಿದ ಕೈಮೀರ ಸೋಂಕನ್ನು 2013ರಲ್ಲಿ ಜ್ಯೂರಿಚ್‌ನ ವೈದ್ಯರು ವರದಿ ಮಾಡಿದರು. ರಕ್ತದ ಉಷ್ಣತೆ ನಿಯಂತ್ರಿಸುವ ಯಂತ್ರದ ನೀರಿನ ತೊಟ್ಟಿಯಿಂದ ಅದು ಸೂಕ್ಷ್ಮ ಹನಿಗಳಾಗಿ ಗಾಳಿಗೆ ಸೇರಿತ್ತು. ಹಲವು ದೇಶಗಳ ಮಾದರಿಗಳ ಪೂರ್ಣ ಜೀನೋಮ್ ಹೋಲಿಸಿದ 2017ರ ಅಧ್ಯಯನದಿಂದ, ಬಹುಪಾಲು ಸೋಂಕಿಗೆ ಯಂತ್ರ ತಯಾರಿಕೆಯ ಹಂತದಲ್ಲೇ ಒಂದು ಸಮಾನ ಮೂಲವಿದ್ದ ಸಾಧ್ಯತೆ ಕಂಡಿತು. ಈ ಪತ್ತೆಯನ್ನು 16ಎಸ್ ವಂಶವಾಹಿಯೊಂದೇ ಮಾಡಲಾಗುತ್ತಿರಲಿಲ್ಲ. ಪೂರ್ಣ ಜೀನೋಮಿನ ಗೆಲುವನ್ನು ಅಗ್ಗದ ಪರೀಕ್ಷೆಯ ಲೆಕ್ಕಕ್ಕೆ ಬರೆಯುವುದು ತಪ್ಪು.

ನಾಲ್ಕನೆಯದು, ಬ್ಯಾಕ್ಟೀರಿಯದ ಹೆಸರು ಅದು ಬಿಟ್ಟುಹೋದ ವಿಷದ ಪ್ರಮಾಣವನ್ನು ಹೇಳದು. ಬ್ರೆಜಿಲ್‌ನ ಕರುವಾರು ನಗರದಲ್ಲಿ 1996ರಲ್ಲಿ ಡಯಾಲಿಸಿಸ್ ಪಡೆಯುತ್ತಿದ್ದ 50ಕ್ಕೂ ಹೆಚ್ಚು ರೋಗಿಗಳು ಸತ್ತದ್ದು ನೀರಿನಲ್ಲಿದ್ದ ಸಯನೋಬ್ಯಾಕ್ಟೀರಿಯದ ವಿಷದಿಂದ. ಸಾಮಾನ್ಯ ಬ್ಯಾಕ್ಟೀರಿಯಗಳ ಕೋಶಭಿತ್ತಿಯಿಂದ ಹೊರಬೀಳುವ ಎಂಡೋಟಾಕ್ಸಿನ್ ಕೂಡ ಜೀವಿ ಸತ್ತ ಮೇಲೂ ಜ್ವರ, ನಡುಕ ತರಬಲ್ಲದು. ಹೀಗಾಗಿಯೇ ಅಂತರರಾಷ್ಟ್ರೀಯ ಮಾನಕವು ಡಯಾಲಿಸಿಸ್ ನೀರಿಗೆ ಮಿಲಿಲೀಟರಿಗೆ 100ಕ್ಕಿಂತ ಕಡಿಮೆ ಬ್ಯಾಕ್ಟೀರಿಯ ಸಮೂಹ, 0.25ಕ್ಕಿಂತ ಕಡಿಮೆ ಎಂಡೋಟಾಕ್ಸಿನ್ ಘಟಕ ಎಂಬ ಎರಡು ಮಿತಿಗಳನ್ನು ಬೇರೆ ಬೇರೆಯಾಗಿ ವಿಧಿಸಿದೆ.

ಹಾಗೆಂದು ವಂಶವಾಹಿ ಪರೀಕ್ಷೆ ಬೇಡವೆನ್ನಲಾಗದು. ಸೋಂಕು ಹಬ್ಬಿದಾಗ ಮೂಲ ಹುಡುಕಲು ಅದಕ್ಕೆ ಸಾಟಿಯಿಲ್ಲ. ಆದರೆ ದಿನನಿತ್ಯದ ಕಾವಲಿಗೆ ಆರ್2ಎ ತಟ್ಟೆ, ಎಂಡೋಟಾಕ್ಸಿನ್ ಅಳತೆ, ಕೊಳವೆಗಳ ನಿಯಮಿತ ಸೋಂಕು ನಿವಾರಣೆ ಇವಕ್ಕೇ ಮೊದಲ ಹಣ ಸಲ್ಲಬೇಕು. ಮುಂದೆ ಇಂಥ ವರದಿ ನಿಮ್ಮ ಕೈಗೆ ಬಂದರೆ ಬ್ಯಾಕ್ಟೀರಿಯಗಳ ಉದ್ದನೆಯ ಪಟ್ಟಿಗೆ ಬೆರಗಾಗುವ ಮುನ್ನ ಕೇಳಿ: ಖಾಲಿ ಮಾದರಿ ಇತ್ತೆ? ಜೀವಂತವೆಂದು ಖಚಿತವಾಯಿತೆ? ಎಷ್ಟು ಉದ್ದದ ವಂಶವಾಹಿ ಓದಿದರು? ವಿಷವನ್ನು ಅಳೆದರೆ?