ಕನೇರಿಯ ಸಿಮೆಂಟಿನ ಊರು, ಖಿದ್ರಾಪುರದ ಕಲ್ಲು

ಡಿಸೆಂಬರ್ ಬಂತೆಂದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಎರಡು ಮೂರು ದಿನ ಸಿಕ್ಕವರು ವಿಜಯಪುರ, ಬಾದಾಮಿಗೆ ಹೋಗುತ್ತಾರೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕೆನ್ನುವವರು ಕೊಲ್ಲಾಪುರದ ದಾರಿ ಹಿಡಿದು ಮಹಾಲಕ್ಷ್ಮಿ ದರ್ಶನ, ಹೊಸ ಅರಮನೆ, ಕನೇರಿ ಮಠದ ಗ್ರಾಮಜೀವನ ವಸ್ತುಸಂಗ್ರಹಾಲಯ ಮುಗಿಸಿ ಬರುತ್ತಾರೆ.

ಕನೇರಿಯ ಆ ಸಂಗ್ರಹಾಲಯ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ, ಒಪ್ಪಲೇಬೇಕು. ಬಯಲಿನಲ್ಲಿ ಆಳೆತ್ತರದ ಸಿಮೆಂಟ್ ಮೂರ್ತಿಗಳು: ಹೊಲ ಊಳುವ ರೈತ, ಕುಂಬಾರ, ಕಮ್ಮಾರ, ಬಡಿಗ. ಮುಖದ ಸುಕ್ಕು, ಕೈಯ ನರ ಎಲ್ಲ ನಿಜದಂತಿವೆ. ಬಲುತೆದಾರರ (ಊರಿನ ಕಸುಬುದಾರರ) ಕಸುಬನ್ನು ಪುಸ್ತಕದಲ್ಲಿ ಓದಿದ ಹುಡುಗನಿಗೆ ಇಲ್ಲಿ ಅದು ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಊರಿನಲ್ಲಿ ಎಲ್ಲರೂ ಸುಖಿಗಳು. ಯಾರ ಕೇರಿ ಊರ ಹೊರಗಿತ್ತು, ಯಾರು ಯಾವ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇತಿಹಾಸ ಕಲಿಸುವ ಜಾಗಕ್ಕೆ ಇದು ಸಣ್ಣ ಕೊರತೆಯಲ್ಲ. ಅಂಥ ಪ್ರಶ್ನೆ ಎತ್ತಿದ ಊರು ದಾರಿಯಲ್ಲೇ ಇದೆ: ಕೊಲ್ಲಾಪುರದ ಹೆದ್ದಾರಿಯಲ್ಲಿ ಮಕ್ಕಳ ಬಸ್ಸು ದಾಟಿ ಬರುವ ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಪಾಲ್ಗೊಂಡ ದಲಿತ ವರ್ಗಗಳ ಪರಿಷತ್ತು ನಡೆದಿತ್ತು. 1981ರ ಏಪ್ರಿಲ್ 6ರಂದು ನ್ಯಾಯಬೆಲೆ ಕೇಳಿದ ತಂಬಾಕು ಬೆಳೆಗಾರರು ಪೊಲೀಸರ ಗುಂಡಿಗೆ ಬಲಿಯಾದದ್ದೂ ಇಲ್ಲಿಯೇ. ಪ್ರವಾಸದ ಬಸ್ಸು ಮಾತ್ರ ನಿಪ್ಪಾಣಿಯಲ್ಲಿ ಚಹಾಕ್ಕಷ್ಟೇ ನಿಲ್ಲುತ್ತದೆ.

ನನ್ನ ಕೇಳಿದರೆ ಈ ಭಾಗದ ಮಕ್ಕಳು ಮೊದಲು ನೋಡಬೇಕಾದದ್ದು ಖಿದ್ರಾಪುರ. ಕೃಷ್ಣೆಯ ಆಚೆ ದಡಕ್ಕಿದೆ, ಮಹಾರಾಷ್ಟ್ರದ ಶಿರೋಳ ತಾಲೂಕು. ಈಚೆ ದಡಕ್ಕೆ ನಮ್ಮ ಜುಗೂಳ. ಶಿಲಾಹಾರರ ಕಾಲದ, 12ನೇ ಶತಮಾನದ ಕೋಪೇಶ್ವರ ಗುಡಿ ಅದು. ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಸೂರಿಲ್ಲ. ದುಂಡಗೆ ಬಿಟ್ಟ ಬಾಯಿಯಿಂದ ಬಿಸಿಲು ನೇರ ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ಬೀಳುತ್ತದೆ. ಅಷ್ಟು ಭಾರದ ಕಲ್ಲುಗಳು ನಡುವೆ ಆಧಾರವಿಲ್ಲದೆ ಬಳೆಯಂತೆ ಒಂದನ್ನೊಂದು ಹಿಡಿದು ನಿಂತಿವೆಯಲ್ಲ, ಗಣಿತ, ವಿಜ್ಞಾನದ ಮಾಸ್ತರರು ಒಂದು ತಾಸು ಪಾಠ ಮಾಡಬಹುದು. ಗುಡಿಯ ಬುಡದಲ್ಲಿ ಸಾಲು ಆನೆಗಳು; ಎಷ್ಟೋ ಆನೆಗಳ ಸೊಂಡಿಲು ಮುರಿದಿದೆ. ಶಿವನ ಗುಡಿಯಾದರೂ ಮುಂದೆ ನಂದಿಯಿಲ್ಲ. ದಕ್ಷಯಜ್ಞಕ್ಕೆ ಹೊರಟ ಸತಿಯನ್ನು ಹೊತ್ತು ಹೋದ ನಂದಿ ಯಡೂರಿನಲ್ಲೇ ಉಳಿಯಿತು ಎಂದು ಜನ ಹೇಳುತ್ತಾರೆ. ಯಡೂರು ನಮ್ಮ ಚಿಕ್ಕೋಡಿ ತಾಲೂಕು, ವೀರಭದ್ರನ ಕ್ಷೇತ್ರ. ದೇವರು ಒಂದು ರಾಜ್ಯದಲ್ಲಿ, ಅವನ ವಾಹನ ಇನ್ನೊಂದರಲ್ಲಿ! ಗಡಿ ಗೆರೆ ಎಷ್ಟು ಈಚಿನದು ಎಂಬುದನ್ನು ಮಗು ಈ ಕಥೆಯಿಂದಲೇ ತಿಳಿಯುತ್ತದೆ.

ಬೇಸರದ ಸಂಗತಿ ಎಂದರೆ ಅಲ್ಲಿಯ ಶಾಸನಗಳ ಹತ್ತಿರ ಯಾರೂ ನಿಲ್ಲುವುದಿಲ್ಲ. ಯಾದವ ಸಿಂಘಣನ ಸಂಸ್ಕೃತ ಶಾಸನವನ್ನು ಬಿಟ್ಟರೆ ಹೆಚ್ಚಿನವು ಹಳಗನ್ನಡದವು. ಕನ್ನಡ ಶಾಲೆಯ ಮಕ್ಕಳು ಮಂಟಪದ ಕೆಳಗೆ ಫೋಟೊ ತೆಗೆಸಿಕೊಂಡು, ತಮ್ಮದೇ ಲಿಪಿಯ ಕಲ್ಲಿಗೆ ಬೆನ್ನು ಮಾಡಿ ಬಸ್ಸು ಹತ್ತುತ್ತಾರೆ. ತಪ್ಪು ಮಕ್ಕಳದಲ್ಲ, ತೋರಿಸುವವರು ಬೇಕು.

ವೇಲ್ಸ್‌ನ ಬ್ಲೇನಾವನ್‌ನಲ್ಲಿ 1980ರಲ್ಲಿ ಮುಚ್ಚಿದ ಕಲ್ಲಿದ್ದಲ ಗಣಿಯೊಂದನ್ನು ಸಂಗ್ರಹಾಲಯ ಮಾಡಿದ್ದಾರೆ, ಬಿಗ್ ಪಿಟ್ ಎಂದು ಹೆಸರು. ಅಲ್ಲಿ ಗಣಿಯಲ್ಲಿ ದುಡಿದವರೇ ಜನರನ್ನು ಸುಮಾರು 90 ಮೀಟರ್ ಕೆಳಗೆ ಕರೆದೊಯ್ದು ತೋರಿಸುತ್ತ ಬಂದರು. ತಮ್ಮ ಕಸುಬನ್ನು ತಾವೇ ತೋರಿಸಬಲ್ಲ ಅಂಥವರು ನಮಗೆ ಅಥಣಿಯಲ್ಲಿದ್ದಾರೆ, ಚಪ್ಪಲಿ ಮಾಡುವವರು. ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದ ಮಾಡಿದ ತೊಗಲನ್ನು ಕೊಯ್ದು, ಮೊಳೆ ಮುಟ್ಟದೆ ತೊಗಲ ದಾರದಲ್ಲೇ ಹೊಲಿದು ಮಾಡುವ ಚಪ್ಪಲಿ ಜಗತ್ತಿಗೆ ಕೊಲ್ಹಾಪುರಿ ಎಂದೇ ಗೊತ್ತು. ಅದರ ಭೌಗೋಳಿಕ ಸೂಚ್ಯಂಕದಲ್ಲಿ ಕೊಲ್ಲಾಪುರದಷ್ಟೇ ಬೆಳಗಾವಿ ಜಿಲ್ಲೆಗೂ ಪಾಲಿದೆ. ಹೊಲಿಗೆ, ಹೆಣಿಗೆಯ ಬಹುಪಾಲು ಹೆಂಗಸರ ಕೈಯಲ್ಲಿ. ಸಿಮೆಂಟಿನ ಕುಶಲಕರ್ಮಿಯನ್ನು ನೋಡಲು ಟಿಕೆಟ್ ತೆಗೆಸುವ ಶಾಲೆಗಳು ಈ ಜೀವಂತ ಮನೆಗಳ ಬಾಗಿಲು ತಟ್ಟುವುದಿಲ್ಲ.

ಕನೇರಿಯನ್ನು ಬಿಡಿ ಎನ್ನುತ್ತಿಲ್ಲ. ಅದು ಎರಡನೆಯ ಪ್ರವಾಸಕ್ಕಿರಲಿ, ಬರುವಾಗ ನಿಪ್ಪಾಣಿಯ ಕಥೆಯನ್ನೂ ಹೇಳಿ. ಮೊದಲ ಪ್ರವಾಸ ಖಿದ್ರಾಪುರ, ಯಡೂರು, ಅಥಣಿಗೆ ಆಗಲಿ. ಮುಖ್ಯ ಗುರುಗಳಲ್ಲಿ ಒಂದು ಬೇಡಿಕೆ: ಹೊರಡುವ ವಾರ ಕನ್ನಡದ ಗುರುಗಳಿಂದ ಹತ್ತು ಹಳೆಯ ಅಕ್ಷರಗಳನ್ನಾದರೂ ಮಕ್ಕಳಿಗೆ ಹೇಳಿಕೊಡಿಸಿ. ಅಥಣಿಯಲ್ಲಿ ಕೆಲಸ ನಿಲ್ಲಿಸಿ ನಿಮ್ಮ ಮಕ್ಕಳಿಗೆ ಕಲಿಸುವ ತಾಯಿಯ ಅರ್ಧ ದಿನದ ಕೂಲಿಯನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಿ.