ಪರಿಶೋಧಕಿ ಕಾವೇರಿ: ಒಂದು ಪತ್ತೇದಾರಿ ಮಾಲಿಕೆಯ ಓದು

ವಿಶಾಖಪಟ್ಟಣದಲ್ಲಿ ನಡೆದ ವಿಚಾರಸಂಕಿರಣವೊಂದರಲ್ಲಿ ತೆಲುಗು ವಿದ್ವಾಂಸರೊಬ್ಬರು ನನ್ನನ್ನು ಸಭೆಗೆ ಪರಿಚಯಿಸುತ್ತ 'ಪರಿಶೋಧಕರು' ಎಂಬ ಶಬ್ದವನ್ನು ಬಳಸಿದರು. ನಾವು ಸಂಶೋಧನೆ ಎನ್ನುವುದನ್ನು ತೆಲುಗಿನವರು 'ಪರಿಶೋಧನ' ಎನ್ನುತ್ತಾರೆ. ಅದರ ಹಿಂದೆ 'ಅಪರಾಧ' ಎಂಬ ಶಬ್ದ ಸೇರಿದೊಡನೆ ಅದು ಪತ್ತೇದಾರಿಕೆಯಾಗುತ್ತದೆ. 'ಅಪರಾಧ ಪರಿಶೋಧನ' ಎಂಬುದು ಅಲ್ಲಿಯ ಪತ್ತೇದಾರಿ ಕಾದಂಬರಿಗಳಿಗೆ ರೂಢಿಯಲ್ಲಿರುವ ಹೆಸರು. ಹಸ್ತಪ್ರತಿಯ ಪಾಠಾಂತರವನ್ನು ಹುಡುಕುವವನೂ ಕೊಲೆಗಾರನನ್ನು ಹುಡುಕುವವನೂ ಆ ಭಾಷೆಯಲ್ಲಿ ಒಂದೇ ಶಬ್ದವನ್ನು ಹಂಚಿಕೊಂಡಿದ್ದಾರೆ. ಕನ್ನಡದಲ್ಲಿಯಾದರೋ ಸಂಶೋಧಕನು ವಿಶ್ವವಿದ್ಯಾಲಯದಲ್ಲಿದ್ದಾನೆ, ಪತ್ತೇದಾರನು ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಉಳಿದಿದ್ದಾನೆ. ಸಭೆಯಲ್ಲಿ ಕುಳಿತಿದ್ದ ನನ್ನ ಚೀಲದಲ್ಲಿ ಆ ದಿನ ಇದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಅದನ್ನು ಯಾರಿಗೂ ಕಾಣದಂತೆ ಇರಿಸಿಕೊಂಡಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಸಂಕೋಚಕ್ಕೆ ಒಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ಕನ್ನಡದ ಪತ್ತೇದಾರಿ ಕಾದಂಬರಿಗಳನ್ನು ಕುರಿತು ಸಂಶೋಧನೆ ಮಾಡಲು ಸಲ್ಲಿಸಿದ ಪ್ರಸ್ತಾವವನ್ನು, ವಸ್ತುವಿಗೆ ಸಾಹಿತ್ಯಕ ಮಹತ್ತ್ವವಿಲ್ಲವೆಂಬ ಕಾರಣದಿಂದ ಸಮಿತಿಯೊಂದು ಹಿಂದಿರುಗಿಸಿತು. ಆ ಸಮಿತಿಯಲ್ಲಿ ನಾನೂ ಇದ್ದೆ, ಮೌನವಾಗಿದ್ದೆ. ಮನೆಯಲ್ಲಿ ಸುಖಿಸಿ ಓದುವುದನ್ನು ಸಭೆಯಲ್ಲಿ ನಿರಾಕರಿಸುವ ಈ ದ್ವಂದ್ವವನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನನ್ನ ಚೀಲದಲ್ಲಿದ್ದದ್ದು ಹರಿಣಿ ನಾಗೇಂದ್ರ ಅವರ 'ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' (೨೦೨೨). ಲೇಖಕಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪರಿಸರವಿಜ್ಞಾನಿ. ಈ ಕೃತಿಯ ಬಳಿಕ ಅದೇ ಮಾಲಿಕೆಯಲ್ಲಿ 'ಮರ್ಡರ್ ಅಂಡರ್ ಎ ರೆಡ್ ಮೂನ್' (೨೦೨೩), 'ಎ ನೆಸ್ಟ್ ಆಫ್ ವೈಪರ್ಸ್' (೨೦೨೪), 'ಇನ್‌ಟು ದ ಲೆಪರ್ಡ್ಸ್ ಡೆನ್' (೨೦೨೫) ಪ್ರಕಟವಾದವು. ಇವು ಇಂಗ್ಲಿಷಿನಲ್ಲಿ 'ಕೋಜಿ' ಎಂದು ಕರೆಯಲಾಗುವ ಪ್ರಭೇದಕ್ಕೆ ಸೇರಿದವು. ರಕ್ತದ ವರ್ಣನೆ ಅಲ್ಪ, ಆವರಣ ಪರಿಚಿತ, ಪತ್ತೆ ಮಾಡುವವರು ವೃತ್ತಿಯಿಂದ ಪತ್ತೇದಾರರಲ್ಲ — ಇವು ಅದರ ಲಕ್ಷಣಗಳು. ೧೯೩೦ರಲ್ಲಿ ಪ್ರಕಟವಾದ ಕಾದಂಬರಿಯೊಂದರಲ್ಲಿ ಅಗಾಥಾ ಕ್ರಿಸ್ಟಿಯವರು ಮಿಸ್ ಮಾರ್ಪಲ್ ಎಂಬ ಹಳ್ಳಿಯ ವೃದ್ಧೆಯ ಕೈಗೆ ಕೊಲೆಯ ರಹಸ್ಯವನ್ನು ಒಪ್ಪಿಸಿದಾಗಿನಿಂದ ಈ ಪರಂಪರೆ ಗಟ್ಟಿಯಾಗಿ ಬೇರೂರಿದೆ.

ಕನ್ನಡದ ಪರಂಪರೆ ಇದಕ್ಕಿಂತ ಭಿನ್ನವಾದುದು. ಪ್ರಾಥಮಿಕ ಶಾಲೆಯನ್ನು ದಾಟಿ ಓದದ ಎನ್. ನರಸಿಂಹಯ್ಯನವರು (೧೯೨೫–೨೦೧೧) ೧೯೫೨ರಲ್ಲಿ 'ಪತ್ತೇದಾರ ಪುರುಷೋತ್ತಮ'ದಿಂದ ಆರಂಭಿಸಿ ನೂರಾರು ಕಾದಂಬರಿಗಳನ್ನು ಬರೆದರು. ಓದಲು ಕಲಿತಷ್ಟೇ ಇದ್ದ ಸಾವಿರಾರು ಜನರನ್ನು ಓದುಗರನ್ನಾಗಿ ಮಾಡಿದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ನಾಯಕರೆಲ್ಲರೂ ಪುರುಷರು, ಪತ್ತೇದಾರಿಕೆಯನ್ನೇ ವೃತ್ತಿಯಾಗಿ ಉಳ್ಳವರು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರನೂ ಹಾಗೆಯೇ. ಆದರೆ ತೆಲುಗಿನಲ್ಲಿ ಈ ಪ್ರಕಾರದ ಬಗೆಗೆ ನಮ್ಮಷ್ಟು ಮಡಿವಂತಿಕೆ ಇದ್ದಂತಿಲ್ಲ. ವಿಶಾಖಪಟ್ಟಣದಲ್ಲಿ ೧೯೨೫ರಲ್ಲಿ ಜನಿಸಿದ ಕವಿ ಆರುದ್ರ ಅವರು 'ಸಮಗ್ರ ಆಂಧ್ರ ಸಾಹಿತ್ಯಂ' ಎಂಬ ಬಹುಸಂಪುಟಗಳ ಸಾಹಿತ್ಯಚರಿತ್ರೆಯನ್ನು ರಚಿಸಿದವರು. ಪತ್ತೇದಾರಿ ಕಥನಗಳನ್ನೂ ಬರೆದವರು. 'ಪರಿಶೋಧನ'ದ ಎರಡೂ ಅರ್ಥಗಳು ಒಬ್ಬರಲ್ಲೇ ಕೂಡಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಮಾಲಿಕೆಯ ನಾಯಕಿ ಕಾವೇರಿಯ ವಿಷಯ. ಕಥೆಯ ಕಾಲ ೧೯೨೧. ಗಣಿತದಲ್ಲಿ ಆಸಕ್ತಳಾದ ಈ ತರುಣಿ ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮುವಿನ ಪತ್ನಿಯಾಗಿ ಬೆಂಗಳೂರಿಗೆ ಬರುತ್ತಾಳೆ. ಸೆಂಚುರಿ ಕ್ಲಬ್ಬಿನ ಔತಣಕೂಟದ ರಾತ್ರಿ ಅಲ್ಲಿ ಕೊಲೆ ನಡೆಯುತ್ತದೆ. ಅಸಹಾಯಕ ಹೆಣ್ಣೊಬ್ಬಳ ಮೇಲೆ ಸಂಶಯ ಹೊರಳಿದಾಗ ಅವಳನ್ನು ಉಳಿಸಬೇಕೆಂಬ ಹಟದಿಂದ ಕಾವೇರಿ ಪತ್ತೆಗೆ ತೊಡಗುತ್ತಾಳೆ. ಸ್ಥಳದ ಆಯ್ಕೆ ಇಲ್ಲಿ ಗಮನಾರ್ಹ. ಸೆಂಚುರಿ ಕ್ಲಬ್ಬು ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸ್ಥಾಪಿತವಾದುದು. ಆ ಕಾಲದ ಬೆಂಗಳೂರಾದರೋ ಎರಡು ಆಡಳಿತಗಳ ನಗರ: ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಪ್ರದೇಶವು ೧೯೪೭ರವರೆಗೂ ಬ್ರಿಟಿಷರ ಅಧೀನದಲ್ಲಿದ್ದುದು. ಕಾವೇರಿಯ ಪತ್ತೆಯು ವೇಶ್ಯಾಗೃಹದಿಂದ ಆಂಗ್ಲರ ಬಂಗಲೆಯವರೆಗೆ ಸಂಚರಿಸುತ್ತದೆ. ಸ್ಥಾನಮಾನಗಳ ಗೆರೆಗಳನ್ನು ದಾಟಲು ಅವಳಿಗೆ ಯಾವ ಅಧಿಕಾರಪತ್ರವೂ ಇಲ್ಲ. ಇರುವುದು ಮಾತು, ಕುತೂಹಲ, ನೆರೆಹೊರೆ.

ಈ ಮಾಲಿಕೆಯ ನಿಜವಾದ ಆಕರ್ಷಣೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಪುರುಷೋತ್ತಮನೂ ಯುಗಂಧರನೂ ಮುಂಬಾಗಿಲಿನಿಂದ ಪ್ರವೇಶಿಸುತ್ತಾರೆ; ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕಾವೇರಿ ಹಿತ್ತಿಲ ಬಾಗಿಲಿನಿಂದ ಬರುವವಳು. ಅವಳ ಸುತ್ತ ಕೂಡುವ ಕೂಟದಲ್ಲಿ ನೆರೆಮನೆಯ ಉಮಾ ಆಂಟಿ, ಬೀದಿಯ ಹುಡುಗರು, ವೇಶ್ಯಾವೃತ್ತಿಯನ್ನು ತೊರೆದವಳು, ಪೊಲೀಸನ ಹೆಂಡತಿ ಇದ್ದಾರೆ. ಸಭ್ಯ ಸಮಾಜವು 'ಹರಟೆ' ಎಂದು ತಳ್ಳಿಹಾಕುವ ಅಡುಗೆಮನೆಯ ಅರಿವು ಇಲ್ಲಿ ಸಾಕ್ಷ್ಯದ ಗೌರವವನ್ನು ಪಡೆಯುತ್ತದೆ. ಯಾರ ಮಾತನ್ನು ಯಾರೂ ಕೇಳುತ್ತಿರಲಿಲ್ಲವೋ ಅವರ ಮಾತೇ ರಹಸ್ಯವನ್ನು ಬಿಡಿಸುತ್ತದೆ. ಓದುಗನ ಸುಖದ ಬಹುಪಾಲು ಇದರಿಂದಲೇ ಹುಟ್ಟುವುದು.

ಸಂಕಿರಣ ಮುಗಿಸಿ ವಿಜಯವಾಡಕ್ಕೆ ಹೋಗುವ ರೈಲಿನಲ್ಲಿ ಪುಸ್ತಕವನ್ನು ಮುಗಿಸಿದೆ. ಆ ದಾರಿಯಲ್ಲಿ ಏಲೂರು ಸಿಗುತ್ತದೆ. ಅದರ ಸಮೀಪದ ಪೆದವೇಗಿಯೇ ಪ್ರಾಚೀನ ವೆಂಗಿ. ಪಂಪನ ಪೂರ್ವಿಕರ ನಾಡು. ಹಳಗನ್ನಡವನ್ನು ಕಲಿಸಿ ಬದುಕಿದವನಿಗೆ ಅಲ್ಲಿ ನಮ್ಮದೇ ಕಳ್ಳರ ಕಥೆಯೊಂದು ನೆನಪಾದುದು ಸಹಜ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದು ಒಂದು. ಅವನು ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಕಳವು ಮಾಡುವವನು. ಅವನ ಬೆನ್ನುಹತ್ತುವ ತಳಾರ ಯಮದಂಡನೋ ಅವನ ಬಾಲ್ಯದ ಗೆಳೆಯ. ವೇಷ, ಸಂಶಯ, ಗಡುವು, ಪತ್ತೆ ಎಂಬ ಪತ್ತೇದಾರಿ ಕಥನದ ಸಾಮಗ್ರಿಯೆಲ್ಲವೂ ಅಲ್ಲಿದೆ. ಆದರೆ ಆ ಕಥೆಯ ಗುರಿ ಕಳ್ಳನನ್ನು ಹಿಡಿಯುವುದರಲ್ಲಿ ಮುಗಿಯದೆ ಅವನ ವೈರಾಗ್ಯದವರೆಗೆ ಸಾಗುತ್ತದೆ. ಜೈನ ಕಥನಕ್ಕೆ ಅಪರಾಧಿಯ ಆತ್ಮ ಮುಖ್ಯ. ಕಾವೇರಿಯ ಕಥನಕ್ಕೆ ಅಪರಾಧಿಯ ಆತ್ಮ ಅಷ್ಟು ಮುಖ್ಯವಲ್ಲ. ಕೊಲೆಯಿಂದ ಕದಡಿದ ನೆರೆಹೊರೆ ಮತ್ತೆ ತಿಳಿಯಾಗುವುದು ಮುಖ್ಯ. ಒಂದು ಮುಕ್ತಿಯ ಕಡೆಗೆ ಮುಖ ಮಾಡಿದ್ದರೆ ಮತ್ತೊಂದು ನೆಮ್ಮದಿಯ ಕಡೆಗೆ ಮುಖ ಮಾಡಿದೆ.

ನೆಮ್ಮದಿಯನ್ನು ಹೀನವೆಂದು ಬಗೆಯಬೇಕಾಗಿಲ್ಲ. ಆದರೆ ಅದರ ಬೆಲೆಯನ್ನು ವಿಮರ್ಶೆಯು ಕೇಳಲೇಬೇಕು. ಅದನ್ನು ಕೇಳುವ ಬಗೆಯನ್ನು ನನಗೆ ಕಲಿಸಿದವರು ವಿಶಾಖಪಟ್ಟಣದಲ್ಲಿ ವಕೀಲರಾಗಿದ್ದ ರಾಚಕೊಂಡ ವಿಶ್ವನಾಥಶಾಸ್ತ್ರಿಗಳು (೧೯೨೨–೧೯೯೩). ಮದ್ಯನಿಷೇಧದ ಕಾಲವನ್ನು ಕುರಿತ ಅವರ 'ಆರು ಸಾರಾ ಕಥಲು' ಸಂಕಲನದಲ್ಲಿ ಕಾಣುವ ನ್ಯಾಯಾಲಯದಲ್ಲಿ ಅಪರಾಧವನ್ನು ಯಾರು ಮಾಡಿದರೆಂಬುದು ರಹಸ್ಯವೇ ಅಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬಡವರೇ ಸಿಕ್ಕಿಬೀಳುತ್ತಾರೆ. ಸತ್ಯ ಬಯಲಾದೊಡನೆ ನ್ಯಾಯ ತಾನಾಗಿ ನಡೆಯುತ್ತದೆಂಬ ನಂಬಿಕೆಯನ್ನು ಆ ಕಥೆಗಳು ಬುಡಸಹಿತ ಅಲುಗಿಸುತ್ತವೆ.

ಹರಿಣಿ ನಾಗೇಂದ್ರ ಅವರ ಮಾಲಿಕೆ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಇನ್‌ಸ್ಪೆಕ್ಟರ್ ಇಸ್ಮಾಯಿಲ್ ಸಜ್ಜನ. ಗಂಡ ರಾಮು ಉದಾರಿ. ಕಾವೇರಿಯ ಪ್ರಶ್ನೆಗೆ ಬಾಗಿಲು ತೆರೆಯುವುದರಲ್ಲಿ ಅವಳು ವೈದ್ಯನ ಹೆಂಡತಿಯೆಂಬುದರ ಪಾಲೂ ಇದೆ. ಅದೇ ಬುದ್ಧಿ, ಅದೇ ಗಣಿತವುಳ್ಳ ಕೆಲಸದವಳೊಬ್ಬಳು ಇದೇ ಪ್ರಶ್ನೆಗಳನ್ನು ಕೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾಲಿಕೆ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಳ್ಳುವುದಿಲ್ಲ. ಭಾಷೆಯ ವಿಷಯದಲ್ಲಿಯೂ ಒಂದು ಕೊರತೆ ಕಾಣುತ್ತದೆ. ಪೇಟೆಯ ಕನ್ನಡ, ದಂಡಿನ ತಮಿಳು ಮತ್ತು ದಖನಿ, ಮನೆಮಾತಿನ ಭೇದಗಳು — ಬೆಂಗಳೂರಿನಲ್ಲಿ ಮನುಷ್ಯನ ನೆಲೆಯನ್ನು ಬಿಟ್ಟುಕೊಡುವ ಮೊದಲ ಸುಳಿವು ಇವೇ. ಇಂಗ್ಲಿಷಿನ ಸಮತಟ್ಟಾದ ಗದ್ಯದಲ್ಲಿ ಇವು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಕನ್ನಡದಲ್ಲಿ ಬರೆದಿದ್ದರೆ ಉಚ್ಚಾರವೊಂದೇ ಒಂದು ಅಧ್ಯಾಯದ ಸಾಕ್ಷ್ಯವಾಗಬಹುದಿತ್ತು. ನಮ್ಮ ಲೇಖಕಿಯರಿಗೆ ಇಲ್ಲಿ ಅವಕಾಶವೊಂದು ಕಾದಿದೆ.

ವಿಜಯವಾಡದ ಏಲೂರು ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಯುಗಂಧರನ ಕಾದಂಬರಿಗಳನ್ನು ಕೇಳಿದೆ. ಅಂಗಡಿಯವರು ನಗಲಿಲ್ಲ, ಯಾವುದು ಬೇಕೆಂದು ವಿಚಾರಿಸಿದರು. ಅವರ ಬಳಿಯಲ್ಲೇ ಪ್ರಾಚೀನ ಪ್ರಬಂಧಗಳ ಸಟೀಕ ಆವೃತ್ತಿಗಳೂ ಇದ್ದವು. ೧೯೮೦ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಅನುವಾದದ ಮೂಲಕ ಕನ್ನಡದ ವಾರಪತ್ರಿಕೆಗಳ ಓದುಗರನ್ನು ಆವರಿಸಿಕೊಂಡಾಗ ನಮ್ಮ ವಿದ್ವತ್ತು ಅದನ್ನು ಕಂಡೂ ಕಾಣದಂತೆ ಇದ್ದುದು ಆಗ ನೆನಪಿಗೆ ಬಂತು. ಒಂದು ಭಾಷೆಯ ಜನ ಯಾವುದನ್ನು ಸುಖಿಸಿ ಓದಿದರು, ಆ ಸುಖದಲ್ಲಿ ಯಾವ ಆಸೆ ಅಡಗಿತ್ತು ಎಂಬುದು ಸಾಹಿತ್ಯಚರಿತ್ರೆಯ ಹೊರಗಿನ ಪ್ರಶ್ನೆಯಲ್ಲ.

ಕಾವೇರಿಯ ಮಾಲಿಕೆಯಲ್ಲಿ ಅಡಗಿರುವ ಆಸೆ ಸ್ಪಷ್ಟವಾಗಿದೆ. ಪ್ರಶ್ನೆ ಕೇಳಲು ಪದವಿ ಬೇಕಾಗಬಾರದು, ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕು ಎಂಬುದೇ ಆ ಆಸೆ. ಅದು ಈಡೇರುವುದು ಕಥೆಯಲ್ಲಿ ಮಾತ್ರವೆಂಬುದನ್ನು ವಿಶಾಖಪಟ್ಟಣದ ಕಥೆಗಾರರು ತೋರಿಸಿಕೊಟ್ಟಿದ್ದಾರೆ. ಎರಡನ್ನೂ ಜೊತೆಗಿಟ್ಟು ಓದಿದಾಗ ಒಂದರ ಸುಖವೂ ಮತ್ತೊಂದರ ಕಹಿಯೂ ಇನ್ನಷ್ಟು ಅರ್ಥಪೂರ್ಣವಾಗುತ್ತವೆ. ಹೊರನಾಡಿನಲ್ಲಿದ್ದು ಎರಡು ಭಾಷೆಗಳ ನಡುವೆ ಕೆಲಸ ಮಾಡುವ ಸಂಶೋಧಕರಿಗೆ ಇಂಥ ಓದು ನಮಗಿಂತ ಸುಲಭಸಾಧ್ಯ.

ಊರಿಗೆ ಮರಳಿದ ಮೇಲೆ ಆ ವಿದ್ಯಾರ್ಥಿನಿಗೆ ಪತ್ರ ಬರೆದೆ. ಈ ಹೊತ್ತಿಗೆ ಅವಳು ಬೇರೆ ವಿಷಯದಲ್ಲಿ ಬಹುದೂರ ಸಾಗಿದ್ದಳು. ಅವಳು ಕೇಳಬೇಕೆಂದಿದ್ದ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿದೆ; ಅದನ್ನು ಎತ್ತಿಕೊಳ್ಳುವವರಿಗಾಗಿ ಈ ಟಿಪ್ಪಣಿ.